ಕರೆಂಟ್ ಹೋಗುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಳೆದ ಮೇ ತಿಂಗಳ ಗಾಳಿಮಳೆಗೆ ನಮ್ಮ ರಸ್ತೆಯ ಮರದ ಕೊಂಬೆ ತಂತಿಯ ಮೇಲೆ ಮುರಿದುಬಿದ್ದು, ಸಂಜೆ ಹೋದ ಕರೆಂಟ್ ಮರುದಿನ ಮಧ್ಯಾಹ್ನ ಬಂತು. ಮನೆಯಲ್ಲಿ 150 ಆಂಪಿಯರ್-ಅವರ್ ಬ್ಯಾಟರಿಯ ಯುಪಿಎಸ್ ಇದೆ. ಅದು ನಡುರಾತ್ರಿಗೇ ನಿಂತುಹೋಯಿತು. ಬೆಳಗಾಗುವಾಗ ನಲ್ಲಿಯಲ್ಲಿ ನೀರೂ ಇರಲಿಲ್ಲ. ಮಾವನವರ ಇನ್ಸುಲಿನ್ ಫ್ರಿಜ್ಜಿನಲ್ಲೇ ಇದ್ದುದರಿಂದ ಅದು ಕೆಟ್ಟಿತೇನೋ ಎಂಬ ಆತಂಕ ಬೇರೆ. ಇನ್ನೊಂದು ಬ್ಯಾಟರಿ ಹಾಕಿಸಿದರೆ ಸಾಕೆ?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ನೀವು ಬರೆದಿರುವ ಮೂರು ತೊಂದರೆಗಳಲ್ಲಿ ಇನ್ನೊಂದು ಬ್ಯಾಟರಿಯಿಂದ ನೀಗುವುದು ಒಂದೇ, ಮತ್ತು ಅದು ಮೂರರಲ್ಲಿ ತೀರ ಸಣ್ಣದು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನೀರು ಮತ್ತು ಔಷಧದ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳಿ.

ಸಂಪಿನಲ್ಲಿ ನೀರು ತುಂಬಿದ್ದರೂ ಅದನ್ನು ಮೇಲೆತ್ತುವ ಮೋಟರು ಮನೆಬಳಕೆಯ ಸಾಧಾರಣ ಯುಪಿಎಸ್‌ನಿಂದ ಓಡುವುದಿಲ್ಲ. ಒಂದು ಅಶ್ವಶಕ್ತಿಯ ಮೋಟರೆಂದರೆ ಸುಮಾರು 750 ವ್ಯಾಟ್. ಹೊರಡುವ ಕ್ಷಣದಲ್ಲಂತೂ ಅದು ಎಳೆಯುವ ಕರೆಂಟ್ ಅದರ ಹಲವು ಪಟ್ಟು ಹೆಚ್ಚು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಕಡೆ ಗಾಳಿಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ. ಆದುದರಿಂದ ಆ ದಿನಗಳಲ್ಲಿ ಟ್ಯಾಂಕ್ ಖಾಲಿಯಾಗುವವರೆಗೆ ಕಾಯದೆ ಊಟದ ಹೊತ್ತಿಗೆ ಒಮ್ಮೆ ಮೋಟರು ಹಾಕಿ ತುಂಬಿಸಿಟ್ಟುಕೊಳ್ಳುವುದು ಒಳ್ಳೆಯದು. ಮೈಸೂರಿಗೆ ಬರುವ ಕಾವೇರಿ ನೀರನ್ನೂ ಹೊಂಗಳ್ಳಿ ಮುಂತಾದೆಡೆ ಪಂಪ್ ಮಾಡಿಯೇ ಕಳುಹಿಸುವುದರಿಂದ, ಅಲ್ಲಿ ವಿದ್ಯುತ್ ಕೈಕೊಟ್ಟರೆ ನಲ್ಲಿಯ ಸರದಿಯೂ ತಪ್ಪೀತು. ಕುಡಿಯುವ ನೀರನ್ನು ಬೇರೆಯಾಗಿ, ಮುಚ್ಚಳವಿರುವ ಪಾತ್ರೆಯಲ್ಲಿ, ತಲೆಗೆ ದಿನಕ್ಕೆ ಮೂರ್ನಾಲ್ಕು ಲೀಟರಿನಂತೆ ಇಟ್ಟಿರಿ. ತೀರ ಅನಿವಾರ್ಯವಾದರೆ ಸಂಪಿನಿಂದ ಬಕೆಟ್ಟು, ಹಗ್ಗದಲ್ಲಿ ಸೇದಬಹುದು. ಆದರೆ ಕತ್ತಲೆಯಲ್ಲಿ ಸಂಪಿನ ಮುಚ್ಚಳವನ್ನು ತೆರೆದಿಟ್ಟು ಒಂದು ನಿಮಿಷವೂ ಆಚೀಚೆ ಹೋಗಬಾರದು. ಮಕ್ಕಳಿರುವ ಮನೆಯಾದರೆ ಸೇದುವ ಕೆಲಸವನ್ನು ಬೆಳಕು ಹರಿದ ಮೇಲೆಯೇ ಇಟ್ಟುಕೊಳ್ಳಿ.

ಇನ್ಸುಲಿನ್ ಬಗ್ಗೆ ನೀವು ಹೆದರಿದಷ್ಟು ಹೆದರಬೇಕಿಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ಒಳಗೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ. ಬಳಸಲು ಆರಂಭಿಸಿದ ಇನ್ಸುಲಿನ್ನನ್ನು, ಹೆಚ್ಚಿನ ಬಗೆಗಳಲ್ಲಿ, ಬಿಸಿಲು ತಾಗದ ಜಾಗದಲ್ಲಿ 25ರಿಂದ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಹೊರಗಿಡಬಹುದು. ಅವಧಿ ಒಂದೊಂದು ಬಗೆಗೆ ಒಂದೊಂದು ರೀತಿ ಇರುವುದರಿಂದ ಡಬ್ಬಿಯ ಮೇಲಿನ ಸೂಚನೆಯನ್ನೇ ನಂಬಿ. ಎರಡರಿಂದ ಎಂಟು ಡಿಗ್ರಿಯಲ್ಲಿಯೇ ಇರಬೇಕಾದದ್ದು ಇನ್ನೂ ತೆರೆಯದ ದಾಸ್ತಾನು. ಹೊರಗೆ ಸೆಖೆ ಹೆಚ್ಚಿದ್ದರೆ, ಅಗಲ ಬಾಯಿಯ ಒಂದು ಮಣ್ಣಿನ ಕುಡಿಕೆಯೊಳಗೆ ಚಿಕ್ಕ ಕುಡಿಕೆಯನ್ನು ಇಟ್ಟು, ಎರಡರ ನಡುವೆ ಮರಳು ತುಂಬಿ ನೀರು ಚಿಮುಕಿಸಿ, ಔಷಧವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಒಳಗಿಡಿ. ಮರಳಿನ ನೀರು ಆವಿಯಾಗುತ್ತಾ ಒಳಗನ್ನು ತಂಪಾಗಿಡುತ್ತದೆ. ಗಾಬರಿಯಲ್ಲಿ ಹಲವರು ಮಾಡುವಂತೆ ಇನ್ಸುಲಿನ್ನನ್ನು ಮಂಜುಗಡ್ಡೆಗೆ ತಾಗಿಸಿ ಮಾತ್ರ ಇಡಬೇಡಿ, ಏಕೆಂದರೆ ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆ ಕಂಡರೂ ಉಪಯೋಗಕ್ಕೆ ಬಾರದು. ತಿಳಿಯಾಗಿರಬೇಕಾದ ಔಷಧ ಮಬ್ಬಾಗಿ ಕಂಡರೆ ಅಥವಾ ಸಕ್ಕರೆಯ ಪ್ರಮಾಣ ಕಾರಣವಿಲ್ಲದೆ ಏರತೊಡಗಿದರೆ ವೈದ್ಯರನ್ನು ಕೇಳದೆ ಮುಂದುವರಿಸಬೇಡಿ.

ಇನ್ನು ಬ್ಯಾಟರಿ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಕೊಡಬೇಕು. ಯುಪಿಎಸ್‌ನಲ್ಲಿ ಆಗುವ ನಷ್ಟವನ್ನೂ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಬಾರದೆಂಬುದನ್ನೂ ಕಳೆದರೆ ಸುಮಾರು 1,100 ಎಂದು ಹಿಡಿಯುವುದು ಕ್ಷೇಮ. 75 ವ್ಯಾಟಿನ ಎರಡು ಹಳೆಯ ಫ್ಯಾನು, ಒಂಬತ್ತು ವ್ಯಾಟಿನ ನಾಲ್ಕು ಎಲ್‌ಇಡಿ ದೀಪ, ಜೊತೆಗೆ ವೈಫೈ ಪೆಟ್ಟಿಗೆ ಸೇರಿದರೆ ಹತ್ತಿರ ಹತ್ತಿರ 200 ವ್ಯಾಟ್. ಅಂದರೆ ಐದೂವರೆ ಗಂಟೆ; ಸಂಜೆ ಹೋದ ಕರೆಂಟಿಗೆ ನಡುರಾತ್ರಿಗೆ ಬ್ಯಾಟರಿ ಮುಗಿದದ್ದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಅದೇ ಎರಡು ಫ್ಯಾನುಗಳನ್ನು ಕಡಿಮೆ ವಿದ್ಯುತ್ ಎಳೆಯುವ ಬಿಎಲ್‌ಡಿಸಿ ಬಗೆಯ 30 ವ್ಯಾಟಿನ ಫ್ಯಾನುಗಳಿಗೆ ಬದಲಾಯಿಸಿ, ಎರಡು ದೀಪಗಳನ್ನು ಆರಿಸಿದರೆ ಹೊರೆ ನೂರು ವ್ಯಾಟಿನೊಳಗೆ ಇಳಿದು ಬೆಳಗಿನವರೆಗೂ ಸಾಗುತ್ತದೆ. ಎರಡನೆಯ ಬ್ಯಾಟರಿಗೆ ಕೊಡುವ ಹಣದಲ್ಲಿ ಫ್ಯಾನು ತನ್ನಿರೆಂಬುದೇ ನನ್ನ ಸಲಹೆ. ಕರೆಂಟ್ ಇರುವ ದಿನಗಳಲ್ಲೂ ಅದು ಬಿಲ್ಲನ್ನು ಇಳಿಸುತ್ತದೆ. ಈಗಿರುವ ಬ್ಯಾಟರಿ ನೀರು ಹಾಕುವ ಬಗೆಯದಾದರೆ, ಮಟ್ಟ ಇಳಿದಾಗ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ಕುಡಿಯುವ ನೀರಿನ ಫಿಲ್ಟರಿನಿಂದ ಹಿಡಿದದ್ದೂ ಅದಕ್ಕೆ ಸಲ್ಲದು. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಡುವುದರಿಂದ ಗಾಳಿಯಾಡದ ಮೂಲೆಯಲ್ಲಾಗಲಿ, ದೇವರ ದೀಪದ ಬಳಿಯಾಗಲಿ ಇಡಬೇಡಿ.

ತಂತಿ ಹರಿದು ಬಿದ್ದಿದ್ದರೆ ಅದರಲ್ಲಿ ಕರೆಂಟ್ ಇಲ್ಲವೆಂದು ಊಹಿಸದೆ, ಯಾರೂ ಹತ್ತಿರ ಹೋಗದಂತೆ ನೋಡಿಕೊಂಡು 1912ಕ್ಕೆ ಕರೆ ಮಾಡಿ.

ಪ್ರಶ್ನೆ: ಶಿವನಸಮುದ್ರದ ಮಗ್ಗುಲಲ್ಲೇ ಇದ್ದೂ ಕತ್ತಲೆಯಲ್ಲಿ ಕೂರುವ ಭಾಗ್ಯ ನಮ್ಮದು. ಅದಕ್ಕಾಗಿಯೇ ತಾರಸಿಯ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿದೆವು. ಆದರೂ ಸುಡು ಬಿಸಿಲಿನಲ್ಲಿ ಕರೆಂಟ್ ಹೋದರೆ ಸೋಲಾರೂ ನಿಂತುಹೋಗುತ್ತದೆ. ನಮಗೆ ಮೋಸವಾಗಿದೆಯೆ?
– ಓದುಗರು, ಮಳವಳ್ಳಿ

ಉತ್ತರ: ಶಿವನಸಮುದ್ರದ ವಿಚಾರದಲ್ಲಿ ನಿಮ್ಮ ಕೊರಗು ಹಳೆಯದೇ; 1902ರಲ್ಲಿ ಅಲ್ಲಿ ಮೊದಲು ಹುಟ್ಟಿದ ವಿದ್ಯುತ್ ಹೋದದ್ದು ಕೋಲಾರದ ಚಿನ್ನದ ಗಣಿಗೆ. ಇಂದಿಗೂ ಅಲ್ಲಿನ ಉತ್ಪಾದನೆ ರಾಜ್ಯದ ಜಾಲಕ್ಕೆ ಸೇರುತ್ತದೆ. ನಿಮ್ಮ ಮನೆಗೆ ಬರುವುದು ಸಬ್‌ಸ್ಟೇಷನ್ನು, ಫೀಡರು, ಟ್ರಾನ್ಸ್‌ಫಾರ್ಮರುಗಳ ದಾರಿಯಿಂದಲೇ ಆದ್ದರಿಂದ, ಆ ದಾರಿಯಲ್ಲಿ ಎಲ್ಲಿ ಕೆಟ್ಟರೂ ಜಲವಿದ್ಯುತ್ ಕೇಂದ್ರ ಹತ್ತಿರವಿರುವುದರಿಂದ ಪ್ರಯೋಜನವಿಲ್ಲ.

ಸೋಲಾರಿನಲ್ಲಿ ಮೋಸವೇನೂ ಆಗಿಲ್ಲ. ಸರ್ಕಾರದ ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವ ವ್ಯವಸ್ಥೆ ವಿದ್ಯುತ್ ಜಾಲಕ್ಕೆ ಜೋಡಿಸಿದ್ದಾಗಿದ್ದು, ಜಾಲ ನಿಂತ ಕೂಡಲೇ ಅದರ ಇನ್ವರ್ಟರ್ ತಾನೂ ನಿಲ್ಲುವಂತೆ ಮಾಡಿರುತ್ತಾರೆ. ಹಾಗಿಲ್ಲದಿದ್ದರೆ ನಿಮ್ಮ ತಾರಸಿಯ ವಿದ್ಯುತ್ ಹಿಮ್ಮುಖವಾಗಿ ಬೀದಿಯ ತಂತಿಗೆ ಹರಿದು, ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮ್ಯಾನ್ ಜೀವಕ್ಕೇ ಕುತ್ತು ತಂದೀತು. ಕರೆಂಟ್ ಹೋದಾಗಲೂ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು. ಅದರ ಖರ್ಚು ಬೇರೆ. ಹಾಕಿಸುವ ಮೊದಲೇ ಈ ಮಾತನ್ನು ನಿಮಗೆ ಯಾರಾದರೂ ಬಿಡಿಸಿ ಹೇಳಬೇಕಿತ್ತು.

ಪ್ರಶ್ನೆ: ಮನೆಯಲ್ಲಿ ಮದುವೆಯ ಕೆಲಸಗಳಿವೆ. ಬಾಡಿಗೆಗೆ ತಂದ ಜನರೇಟರನ್ನು ಮಳೆ ಬಂದರೆ ನಡುಮನೆಗೆ ಎಳೆದುಕೊಳ್ಳಬಹುದೆ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಖಂಡಿತ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ತೆರೆದಿದ್ದರೂ ಮಲಗಿದವರು ಏಳದೆ ಹೋಗಬಹುದು. ಮನೆಯಿಂದ ಇಪ್ಪತ್ತಡಿಯಾದರೂ ದೂರದಲ್ಲಿ, ಕಿಟಕಿ ಬಾಗಿಲುಗಳಿಗೆ ಹೊಗೆ ತಿರುಗದಂತೆ, ಮೇಲೆ ತಗಡು ಹೊದಿಸಿ ಸುತ್ತ ತೆರೆದಿರುವ ಕಡೆ ನಿಲ್ಲಿಸಿ. ಗೋಡೆಯ ಪ್ಲಗ್ಗಿಗೆ ವೈರು ಸಿಕ್ಕಿಸಿ ಮನೆಗೆಲ್ಲ ಕರೆಂಟ್ ಕೊಡುವ ಅಡ್ಡದಾರಿಯನ್ನು ಹಿಡಿಯದೆ, ಬೀದಿಯ ತಂತಿಯಿಂದ ಮನೆಯನ್ನು ಬೇರ್ಪಡಿಸಿ ಜನರೇಟರಿಗೆ ಜೋಡಿಸುವ ಚೇಂಜ್ ಓವರ್ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ.