ಖಾರ್ತೂಮಿನ ವಿದ್ಯಾರ್ಥಿಗಳಿಗೆ ದೂರದಿಂದ ಕ್ಲಿನಿಕಲ್ ಪಾಠ: ವಿಡಿಯೋ ಇಲ್ಲದೆಯೂ ಆದೀತೇ?

ಪ್ರಶ್ನೆ: 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದ ಮೇಲೆ ಸುಡಾನಿನ ರಾಜಧಾನಿ ಖಾರ್ತೂಮಿನ ಎಷ್ಟೋ ವೈದ್ಯಕೀಯ ವಿದ್ಯಾರ್ಥಿಗಳಿಗೆ ಆಸ್ಪತ್ರೆ ವಾರ್ಡಿನ ಕಲಿಕೆ ತಪ್ಪಿಹೋಗಿದೆ. ನಾವು ಕೆಲವು ವೈದ್ಯರು ಅಣಕು ರೋಗಿಗಳನ್ನಿಟ್ಟುಕೊಂಡು ಅವರಿಗೆ ಆನ್‌ಲೈನ್‌ನಲ್ಲಿ ಕಲಿಸಬೇಕೆಂದಿದ್ದೇವೆ. ಆದರೆ ವಿಡಿಯೋ ಪದೇ ಪದೇ ನಿಲ್ಲುತ್ತದೆ. ಏನು ಮಾಡುವುದು?

ಉತ್ತರ: ವಿಡಿಯೋ ಕೈಬಿಡಿ. ಗುಂಪಿನ ವಿಡಿಯೋ ಕರೆಗೆ ಸೆಕೆಂಡಿಗೆ 600 ಕಿಲೋಬಿಟ್ ಹಿಡಿದರೂ ಗಂಟೆಗೆ 270 ಎಂಬಿ ಡೇಟಾ ಹೋಗುತ್ತದೆ. ಬರೀ ಧ್ವನಿಗೆ 80 ಕಿಲೋಬಿಟ್, ಅಂದರೆ ಗಂಟೆಗೆ 36 ಎಂಬಿ ಸಾಕು. ಇಸಿಜಿ, ಎಕ್ಸ್‌ರೇ ಚಿತ್ರಗಳನ್ನು ಕುಗ್ಗಿಸಿ, ಪಾಸ್‌ವರ್ಡ್ ಹಾಕಿ ಹಿಂದಿನ ದಿನವೇ ಕಳುಹಿಸಿ. ವಿದ್ಯಾರ್ಥಿ ಆ ಪರೀಕ್ಷೆಯನ್ನು ಕೇಳಿದಾಗ ಮಾತ್ರ ಪಾಸ್‌ವರ್ಡ್ ಹೇಳಿ. 2024ರ ಫೆಬ್ರವರಿಯಲ್ಲಿ ಸುಡಾನಿನ ಬಹುಭಾಗದಲ್ಲಿ ಇಂಟರ್ನೆಟ್ಟೇ ನಿಂತುಹೋಗಿತ್ತು. ಹಾಗಾಗಿ ಪ್ರತಿ ಕೇಸಿಗೂ ಬರಹದ ರೂಪವೊಂದು ಸಿದ್ಧವಿರಲಿ.

ಒಂದು ಗುಂಪಿಗೆ ಐವರು ಸಾಕು. ರೋಗಿಯನ್ನು ವಿಚಾರಿಸಲು 8 ನಿಮಿಷ, ಕೇಸ್ ಒಪ್ಪಿಸಲು 5, ಚರ್ಚೆಗೆ 15. ರೋಗಿಯ ಪಾತ್ರ ಸುಡಾನಿನ ಹಿರಿಯ ವಿದ್ಯಾರ್ಥಿಯದಾಗಿರಲಿ, ಮಾತು ಅಲ್ಲಿನ ಅರಬಿಯಲ್ಲೇ ನಡೆಯಲಿ. ಮಧ್ಯೆ ಸಂಪರ್ಕ ಕಡಿದು 2 ನಿಮಿಷವಾದರೆ ಮುಂದಿನವರು ಅಲ್ಲಿವರೆಗಿನದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದುವರಿಸಲಿ. ಪಾಳಿ ಬದಲಾದಾಗ ರೋಗಿಯನ್ನು ಒಪ್ಪಿಸುವ ಅಭ್ಯಾಸವೂ ಆಯಿತು.

ಇಂಥ ತರಬೇತಿ ಕೆಡುವುದು ಹೆಚ್ಚಾಗಿ ಬೋಧಕರಿಂದಲೇ. ಕನಿಕರಪಟ್ಟು ಕೇಳದ್ದನ್ನೂ ಹೇಳಿಬಿಡುತ್ತಾರೆ. ಉದಾಹರಣೆಗೆ ಮಧುಮೇಹದ ಕೀಟೊಅಸಿಡೋಸಿಸ್ (ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ತುರ್ತು ಸ್ಥಿತಿ) ಕೇಸ್ ತೆಗೆದುಕೊಳ್ಳಿ: 19ರ ಯುವತಿ, ಎರಡು ದಿನದಿಂದ ವಾಂತಿ. "ಉಸಿರಾಟ ನೋಡುತ್ತೇನೆ" ಎಂದರೆ ಉತ್ತರ ಕೊಡಬೇಡಿ, "ಏನು ನೋಡುತ್ತೀರಿ?" ಎಂದು ತಿರುಗಿ ಕೇಳಿ. ಎಣಿಸುತ್ತೇನೆ ಎಂದರೆ ನಿಮಿಷಕ್ಕೆ 32 ಎನ್ನಿ, ಅಷ್ಟೇ. ರಕ್ತದ ಪೊಟ್ಯಾಸಿಯಂ ಮೊದಲೇ ಕಡಿಮೆ, 2.9 ಇಟ್ಟಿರಿ. ಅದನ್ನು ಕೇಳದೆಯೇ ಇನ್ಸುಲಿನ್ ಕೊಟ್ಟರೆ ಪೊಟ್ಯಾಸಿಯಂ ಇನ್ನೂ ಕುಸಿದು ಹೃದಯದ ಲಯ ತಪ್ಪುತ್ತದೆ. ಅದು ಕೇಸಿನಲ್ಲೂ ಆಗಲಿ. ಡ್ರಿಪ್‌ನ ವೇಗ ನಿಯಂತ್ರಿಸುವ ಇನ್‌ಫ್ಯೂಷನ್ ಪಂಪ್ ಇಲ್ಲ ಎಂದೂ ಸೇರಿಸಿ. ಮಿಲಿಲೀಟರಿಗೆ 20 ಹನಿಯ ಡ್ರಿಪ್ ಸೆಟ್‌ನಲ್ಲಿ 1 ಲೀಟರ್ ದ್ರಾವಣ 4 ಗಂಟೆಗೆ ಹೋಗಬೇಕಾದರೆ ನಿಮಿಷಕ್ಕೆ ಎಷ್ಟು ಹನಿ? 83. ಪುಸ್ತಕ ಅರೆದು ಕುಡಿದವರೂ ಇಲ್ಲಿ ತಡವರಿಸುತ್ತಾರೆ. ಸಿಟಿ ಸ್ಕ್ಯಾನ್ ಇಲ್ಲದೆ ಮುಂದೆ ಹೋಗದ ಕೇಸುಗಳನ್ನು ಬರೆಯಲೇಬೇಡಿ.

ಗುಂಡೇಟು, ಮಗುವಿನ ಸಾವು ಇರುವ ಕೇಸಾದರೆ ಹಿಂದಿನ ದಿನವೇ ತಿಳಿಸಿ. ಬೇಡವೆಂದವರನ್ನು ಕಾರಣ ಕೇಳಬೇಡಿ. ಧ್ವನಿಮುದ್ರಣ ಬೇಡ, ಎಲ್ಲಿದ್ದೀರಿ ಎಂಬ ಪ್ರಶ್ನೆಯೂ ಬೇಡ.

ಹೊಟ್ಟೆ ಒತ್ತಿ ನೋಡುವುದು, ಹೊಲಿಗೆ, ರಕ್ತನಾಳಕ್ಕೆ ಸೂಜಿ ಹಾಕುವುದು ಈ ದಾರಿಯಲ್ಲಿ ಬರುವುದಿಲ್ಲ. ಪ್ರಮಾಣಪತ್ರದಲ್ಲಿ ಅವನ್ನು ಸೇರಿಸಬೇಡಿ. ಬದಲಿಗೆ ಪ್ರತಿಯೊಬ್ಬರಿಗೂ ಒಂದು ದಾಖಲೆ ಪುಟ ಮಾಡಿ: ಮಾಡಿದ ಕೇಸುಗಳು ಒಂದು ಕಡೆ, ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರೇ ಕಲಿಯಬೇಕಾದ ಕೈಕೆಲಸ ಇನ್ನೊಂದು ಕಡೆ. ಕಾಲೇಜು ಮತ್ತೆ ತೆರೆದಾಗ ಅವರ ಪ್ರಾಧ್ಯಾಪಕರು ಎಲ್ಲಿಂದ ಶುರುಮಾಡಬೇಕೆಂದು ಆ ಪುಟ ನೋಡಿಯೇ ತೀರ್ಮಾನಿಸಬಹುದು.