ಫಿಲಡೆಲ್ಫಿಯಾ ಫೋಟೊದಲ್ಲಿರುವುದು ಯಾವ ಬ್ಯಾಂಕು?

'ಫಸ್ಟ್ ಬ್ಯಾಂಕ್' ಅಂತ ತೆಗೆದ ಫೋಟೊ ನೆಟ್‌ನಲ್ಲಿರುವ ಚಿತ್ರಕ್ಕೆ ಹೊಂದುತ್ತಿಲ್ಲ ಅಂದಿದ್ದೀರಿ. ಅಮೆರಿಕದ ಈ ಊರಲ್ಲಿ ಫಸ್ಟ್ ಬ್ಯಾಂಕ್, ಸೆಕೆಂಡ್ ಬ್ಯಾಂಕ್ ಅಂತ ಎರಡು ಹಳೇ ಬ್ಯಾಂಕ್ ಕಟ್ಟಡಗಳಿವೆ, ಅವೇ ಅದಲುಬದಲಾಗಿರಬೇಕು. ಎರಡೂ ಹತ್ತಿರದಲ್ಲೇ ಇವೆ, ನಾನೂ ಹೀಗೇ ಏಮಾರಿದ್ದೆ.

ಮೊದಲು ಕಂಬದ ತಲೆ ನೋಡಿ. ಎಲೆಗಳ ಕೆತ್ತನೆ ಇದ್ದು, ಮೇಲಿನ ತ್ರಿಕೋನದಲ್ಲಿ ಹದ್ದು ಕೂತಿದ್ದರೆ ಫಸ್ಟ್ ಬ್ಯಾಂಕೇ, 1797ರದ್ದು. ತಲೆ ಸಾದಾ ಇದ್ದರೆ ಕಂಬ ಎಣಿಸಿ. ಎಂಟು ಬಂದರೆ ಅದು ಸೆಕೆಂಡ್ ಬ್ಯಾಂಕ್. ವಿಲಿಯಂ ಸ್ಟ್ರಿಕ್‌ಲೆಂಡ್ ವಿನ್ಯಾಸ, 1819ರಿಂದ 1824ರವರೆಗೆ ಕಟ್ಟಿದ್ದು. ಮಾದರಿ ಅಥೆನ್ಸಿನ ಪ್ರಾಚೀನ ದೇಗುಲ ಪಾರ್ಥೆನಾನ್. ಆದರೆ ಪಾರ್ಥೆನಾನ್‌ಗೆ ಸುತ್ತಲೂ ಕಂಬ, ಇದಕ್ಕೆ ಹಿಂದೆ ಮುಂದೆ ಮಾತ್ರ. ಪಕ್ಕದಲ್ಲಿ ಕಿಟಕಿ. ಲೆಕ್ಕ ಬರೆಯೋರಿಗೆ ಬೆಳಕು ಬೇಕಲ್ವಾ!

ನೀವು ಹಾಕಿದ ಫೋಟೊದಲ್ಲಿ ಮೇಲ್ಭಾಗ ಕಾಣುತ್ತಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ಬೇರೆ ಫೋಟೊ ಇಲ್ಲದಿದ್ದರೆ ಬೀದಿ ನೆನಪು ಮಾಡಿಕೊಳ್ಳಿ: ಚೆಸ್ಟ್‌ನಟ್ ಸ್ಟ್ರೀಟ್ ಆದರೆ ಸೆಕೆಂಡ್ ಬ್ಯಾಂಕ್, ಥರ್ಡ್ ಸ್ಟ್ರೀಟ್ ಆದರೆ ಫಸ್ಟ್ ಬ್ಯಾಂಕ್.