ಲ್ಯಾಪ್‌ಟಾಪ್ ಕೊಡುವುದಾದರೆ ಎರಡನೇ ಕರಡು ಓದುವವರು ಯಾರು?

ಪತ್ರದ ಸಾರ: ನನ್ನ ಮಗಳು ಬರುವ ವರ್ಷ ಒಂಬತ್ತನೇ ತರಗತಿ. ಆ ತರಗತಿಯಿಂದ ಪ್ರತಿ ವಿದ್ಯಾರ್ಥಿಗೂ ಒಂದೊಂದು ಲ್ಯಾಪ್‌ಟಾಪ್ ಕೊಡಲು ಶಾಲೆ ಹೊರಟಿದೆ. ಖರ್ಚಿನಲ್ಲಿ ಒಂದು ಪಾಲು ಪೋಷಕರದು. ನಾನು ಪೋಷಕರ ಸಮಿತಿಯಲ್ಲಿದ್ದೇನೆ. ಮುಂದಿನ ಸಭೆಯಲ್ಲಿ ಹೂಂ ಅಥವಾ ಉಹೂಂ ಅನ್ನಬೇಕು. ನಿಮ್ಮ ಹಿಂದಿನ ಸಂಚಿಕೆಯ ಲೇಖನದಲ್ಲಿ ನಗುವ ಮಕ್ಕಳ ಫೋಟೊ ಬಿಟ್ಟರೆ ನನಗೆ ಏನೂ ಸಿಗಲಿಲ್ಲ. ಲ್ಯಾಪ್‌ಟಾಪ್‌ನಿಂದ ಕಲಿಕೆ ನಿಜಕ್ಕೂ ಸುಧಾರಿಸುತ್ತದೆಯೇ? ಮಕ್ಕಳು ಗೇಮ್, ವಿಡಿಯೋ ಅಂತ ಮುಳುಗಿಬಿಡುವುದಿಲ್ಲವೇ? ಮನೆಯಲ್ಲಿ ಫೋನ್ ಇದ್ದೇ ಇದೆ, ಅದು ಸಾಲದೇ? ಇನ್ನು, ಆ ಯಂತ್ರ ಕೊನೆಗೆ ಯಾರದ್ದು?
— ಒಬ್ಬ ತಾಯಿ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ನಮಸ್ಕಾರ. ಫೋಟೊ ಬಗ್ಗೆ ನೀವು ಬರೆದದ್ದನ್ನು ನಮ್ಮ ಫೋಟೊ ವಿಭಾಗದವರಿಗೆ ಓದಿ ಹೇಳಿದೆ. ನಕ್ಕರು. ಸ್ವಲ್ಪ ಚುಚ್ಚಿತು ಅಂತಲೂ ಕಾಣುತ್ತದೆ.

ನಿಮಗೆ ಸಭೆಯ ತುರ್ತು ಇದೆ, ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೂಂ ಅನ್ನಿ, ಆದರೆ ಒಂದು ಷರತ್ತಿನ ಮೇಲೆ. ಮಕ್ಕಳು ಅದರಲ್ಲಿ ಬರೆದದ್ದನ್ನು ಓದಿ, ಗುರುತು ಹಾಕಿ, ಮತ್ತೆ ಬರೆಯಲು ವಾಪಸ್ ಕಳಿಸುವಷ್ಟು ಬಿಡುವು ಶಿಕ್ಷಕರಿಗೆ ಇರಬೇಕು. ಆ ಬಿಡುವನ್ನು ಶಾಲೆ ವೇಳಾಪಟ್ಟಿಯಲ್ಲಿ ತೋರಿಸಲಿ. ತೋರಿಸಲು ಆಗದಿದ್ದರೆ ಒಂದು ವರ್ಷ ಕಾಯಿರಿ, ಏನೂ ಕಳೆದುಹೋಗುವುದಿಲ್ಲ.

ಇಷ್ಟೊಂದು ವಿಷಯ ಇರುವಾಗ ಬರವಣಿಗೆಗೇ ಯಾಕೆ ಜೋತುಬಿದ್ದೆ ಅಂತ ನೀವು ಕೇಳಬಹುದು. ಅದಕ್ಕೆ ಹಿಂದಿನ ಕಥೆ ಸ್ವಲ್ಪ ಹೇಳಬೇಕು.

ಮಗುವಿಗೊಂದು ಕಂಪ್ಯೂಟರ್ ಎನ್ನುವ ಯೋಚನೆ ಹಳೆಯದು. 1972ರಲ್ಲೇ ಅಲನ್ ಕೇ ಎಂಬ ವಿಜ್ಞಾನಿ ಮಕ್ಕಳು ಕೈಯಲ್ಲಿ ಹಿಡಿದು ಓಡಾಡುವ ಕಂಪ್ಯೂಟರಿನ ಕಲ್ಪನೆಯನ್ನು ಬರೆದಿಟ್ಟಿದ್ದರು. ಆಗ ಅಂಥ ಯಂತ್ರವೇ ಇರಲಿಲ್ಲ. 1990ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೆಥಡಿಸ್ಟ್ ಲೇಡೀಸ್ ಕಾಲೇಜ್ ಎಂಬ ಹೆಣ್ಣುಮಕ್ಕಳ ಶಾಲೆ ಲ್ಯಾಪ್‌ಟಾಪನ್ನು ಕಡ್ಡಾಯ ಮಾಡಿತು. 2005ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನಿಕೊಲಸ್ ನೆಗ್ರೊಪಾಂಟೆ ನೂರು ಡಾಲರಿನ ಲ್ಯಾಪ್‌ಟಾಪ್ ತರುತ್ತೇವೆ ಎಂದು ಜಗತ್ತಿಗೆಲ್ಲ ಸಾರಿದರು. ಯಂತ್ರ ಬಂತು, ಆದರೆ ನೂರು ಡಾಲರಿಗೆ ಬರಲಿಲ್ಲ. 2007ರಲ್ಲಿ ಉರುಗ್ವೆ ‘ಸೀಬಲ್’ ಯೋಜನೆ ಶುರು ಮಾಡಿ, ಎರಡು ವರ್ಷದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆಲ್ಲ ಲ್ಯಾಪ್‌ಟಾಪ್ ಮುಟ್ಟಿಸಿತು. ಆಮೇಲೆ ಪ್ರೌಢಶಾಲೆಗಳಿಗೂ ಹೋಯಿತು.

ಫಲಿತಾಂಶ ಏನಾಯಿತು? ಪೆರುವಿನಿಂದ ಬಂದ ಉತ್ತರ ಉತ್ಸಾಹ ಇಳಿಸುವಂಥದ್ದು. ಅಲ್ಲಿ ಮುನ್ನೂರಕ್ಕೂ ಹೆಚ್ಚು ಹಳ್ಳಿ ಶಾಲೆಗಳಲ್ಲಿ ಒಂದಷ್ಟಕ್ಕೆ ಲ್ಯಾಪ್‌ಟಾಪ್ ಕೊಟ್ಟು, ಉಳಿದವಕ್ಕೆ ಕೊಡದೆ ಹೋಲಿಸಿ ನೋಡಿದರು. 2012ರಲ್ಲಿ ವರದಿ ಬಂತು. ಗಣಿತದಲ್ಲೂ ಭಾಷೆಯಲ್ಲೂ ಅಂಕ ಏರಿರಲಿಲ್ಲ. ಅವು ಪ್ರಾಥಮಿಕ ಶಾಲೆಗಳು, ಹೆಚ್ಚಿನ ಕಡೆ ಇಂಟರ್‌ನೆಟ್ ಇರಲಿಲ್ಲ, ನಿಜ. ಆದರೂ ಯಂತ್ರ ಕೈಗೆ ಬಂದರೆ ಸಾಕು, ಕಲಿಕೆ ತಾನಾಗಿ ಬರುತ್ತದೆ ಎಂಬ ನಂಬಿಕೆಗೆ ಅಲ್ಲಿ ಪೆಟ್ಟು ಬಿತ್ತು.

ಅಮೆರಿಕದ ಮೇನ್ ರಾಜ್ಯದ ಕಥೆ ಬೇರೆ. ಅಲ್ಲಿ 2002ರಲ್ಲಿ ಏಳನೇ ತರಗತಿಯ ಮಕ್ಕಳಿಗೆ, ಮರುವರ್ಷ ಎಂಟನೆಯವರಿಗೆ, ರಾಜ್ಯವೇ ಲ್ಯಾಪ್‌ಟಾಪ್ ಕೊಟ್ಟಿತು. 2000ರಲ್ಲಿ ಎಂಟನೇ ತರಗತಿಯ ಬರವಣಿಗೆ ಪರೀಕ್ಷೆಯಲ್ಲಿ ಗೊತ್ತುಮಾಡಿದ ಮಟ್ಟ ಮುಟ್ಟಿದವರು ಸುಮಾರು 29 ಶೇಕಡಾ. 2005ರಲ್ಲಿ ಸುಮಾರು 41 ಶೇಕಡಾ. ಪರೀಕ್ಷೆಯನ್ನು ಪೆನ್ನಿನಲ್ಲಿ ಬರೆದವರೂ ಕಂಪ್ಯೂಟರಿನಲ್ಲಿ ಬರೆದವರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರು. ಅಂದರೆ ಅವರು ಕಲಿತದ್ದು ಸುಮ್ನೆ ಟೈಪಿಂಗ್ ಅಲ್ಲ, ಬರೆಯುವುದನ್ನು. ಮೊದಲ ಕರಡಿನಿಂದ ಕೊನೆಯ ಪ್ರತಿವರೆಗೂ ಲ್ಯಾಪ್‌ಟಾಪ್ ಬಳಸಿದ ಮಕ್ಕಳ ಅಂಕ ಎಲ್ಲರಿಗಿಂತ ಮೇಲಿತ್ತು. ಕೈಯಲ್ಲಿ ಬರೆದು ಕೊನೆಗೆ ಅಂದವಾಗಿ ಟೈಪ್ ಮಾಡಿದರೆ ಅಷ್ಟು ಲಾಭ ಇಲ್ಲ.

ಇದರ ಕಾರಣ ಹುಡುಕಲು ದೊಡ್ಡ ಸಿದ್ಧಾಂತ ಬೇಡ. ಹದಿನಾಲ್ಕರ ಹುಡುಗಿ ಎರಡು ಪುಟದ ಪ್ರಬಂಧ ಕೈಯಲ್ಲಿ ಬರೆದಿದ್ದಾಳೆ. ಮೂರನೇ ಪ್ಯಾರಾ ಮೊದಲಿಗೆ ಬರಬೇಕಿತ್ತು ಅಂತ ಶಿಕ್ಷಕರು ಹೇಳಿದರು. ಅವಳೇನು ಮಾಡುತ್ತಾಳೆ? ಒಂದು ಬಾಣ ಎಳೆದು ಕೈತೊಳೆದುಕೊಳ್ಳುತ್ತಾಳೆ. ಎರಡೂ ಪುಟ ಮತ್ತೆ ಬರೆಯುವುದೆಂದರೆ ಅವಳ ಮಟ್ಟಿಗೆ ಅದು ಶಿಕ್ಷೆ. ಕಂಪ್ಯೂಟರಿನಲ್ಲಾದರೆ ಪ್ಯಾರಾವನ್ನು ಎತ್ತಿ ಮೇಲಿಡುತ್ತಾಳೆ. ಆಗ ಮುಂದಿನ ಸಾಲು ಹೊಂದುತ್ತಿಲ್ಲ ಅಂತ ಅವಳಿಗೇ ಕಾಣುತ್ತದೆ, ಅದನ್ನೂ ಬದಲಿಸುತ್ತಾಳೆ. ತಿದ್ದುವುದು ಹಗುರಾದಾಗ ಮಕ್ಕಳು ಹೆಚ್ಚು ಸಲ ತಿದ್ದುತ್ತಾರೆ. ಬರೆಯುವುದನ್ನು ಕಲಿಯುವುದು ಬಹುಪಾಲು ಅಲ್ಲೇ. ಮೂವತ್ತು ಚಿಲ್ಲರೆ ವರ್ಷ ಬೇರೆಯವರ ಬರಹ ತಿದ್ದಿ ಹೊಟ್ಟೆ ಹೊರೆದವನು ನಾನು, ಈ ವಿಷಯದಲ್ಲಿ ಪಕ್ಷಪಾತಿ ಅಂದರೂ ಬೇಜಾರಿಲ್ಲ.

2016ರಲ್ಲಿ ಇಂಥ ಯೋಜನೆಗಳ ಅಧ್ಯಯನಗಳನ್ನು ಸಂಶೋಧಕರು ಒಟ್ಟುಗೂಡಿಸಿ ನೋಡಿದರು. ಬಿಗಿಯಾದ ಅಳತೆಗೆ ನಿಂತದ್ದು ಬರೀ ಹತ್ತು. ಅವುಗಳ ಪ್ರಕಾರ ಇಂಗ್ಲಿಷ್, ಬರವಣಿಗೆ, ಗಣಿತ, ವಿಜ್ಞಾನದಲ್ಲಿ ಸಣ್ಣ ಲಾಭ ಇದೆ. ಓದುವ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ‘ಸಣ್ಣ’ ಎಂಬ ಮಾತನ್ನು ಸಭೆಯಲ್ಲಿ ಮರೆಯದೆ ಹೇಳಿ. ಮಾರಾಟದವರು ತೋರಿಸುವ ಸ್ಲೈಡುಗಳಲ್ಲಿ ಅದು ಇರುವುದಿಲ್ಲ.

ಈಗ ನನ್ನ ಷರತ್ತಿಗೆ ಬರೋಣ. ಒಬ್ಬ ಭಾಷಾ ಶಿಕ್ಷಕಿಗೆ ಮೂರು ವಿಭಾಗ, ತಲಾ 40 ಮಕ್ಕಳು ಎಂದುಕೊಳ್ಳಿ. ಒಂದು ಬರಹ ಓದಿ ಎರಡು ಮಾತು ಬರೆಯಲು ಐದು ನಿಮಿಷ. 120 ಮಕ್ಕಳಿಗೆ 600 ನಿಮಿಷ, ಅಂದರೆ ಹತ್ತು ಗಂಟೆ. ಎರಡನೇ ಕರಡೂ ಓದಿದರೆ ಇಪ್ಪತ್ತು. ಪಾಠ, ಪರೀಕ್ಷೆ, ಹಾಜರಿ, ಸಭೆ ಎಲ್ಲದರ ನಡುವೆ ಈ ಇಪ್ಪತ್ತು ಗಂಟೆ ಎಲ್ಲಿಂದ ಬರಬೇಕು? ಲ್ಯಾಪ್‌ಟಾಪ್ ಬಂದ ಮೇಲೆ ಬರಹ ಜಾಸ್ತಿಯಾಗುತ್ತದೆ, ಓದುವವರ ಗಂಟೆ ಜಾಸ್ತಿಯಾಗುವುದಿಲ್ಲ. ಕೊನೆಗೆ ಆಗುವುದೇನು? ಮಕ್ಕಳು ಫೈಲ್ ಕಳಿಸುತ್ತಾರೆ, ‘ಸಲ್ಲಿಸಲಾಗಿದೆ’ ಎಂದು ಬರುತ್ತದೆ, ಮುಗಿಯಿತು. ಯಾರೂ ಓದದ ಬರಹವನ್ನು ಯಾವ ಮಗುವೂ ತಿದ್ದುವುದಿಲ್ಲ.

ಇದಕ್ಕೆ ದಾರಿ ಇದೆ. ಎಲ್ಲ ವಿಭಾಗಕ್ಕೂ ಒಂದೇ ವಾರ ಬರಹ ಕೊಡದೆ ಸರದಿ ಮಾಡಬಹುದು. ಒಂದು ಕರಡಿನಲ್ಲಿ ಒಂದೇ ದೋಷಕ್ಕೆ ಗುರುತು ಹಾಕಬಹುದು. ಮೊದಲ ಕರಡನ್ನು ಮಕ್ಕಳೇ ಅದಲುಬದಲು ಮಾಡಿ ಓದಲಿ, ಎರಡನೆಯದು ಮಾತ್ರ ಶಿಕ್ಷಕಿಗೆ ಹೋಗಲಿ. ವಾರಕ್ಕೆ ಎರಡು ಪಿರಿಯಡ್ ಕಡಿಮೆ ಮಾಡಿದರೂ ಅವರಿಗೆ ಉಸಿರಾಡಲು ಜಾಗ ಸಿಗುತ್ತದೆ. ಇದ್ಯಾವುದಕ್ಕೂ ಹೊಸ ಸಾಫ್ಟ್‌ವೇರ್ ಬೇಕಿಲ್ಲ. ಆದರೆ ಮುಖ್ಯೋಪಾಧ್ಯಾಯರು ಮನಸ್ಸು ಮಾಡಬೇಕು. ಸಭೆಯಲ್ಲಿ ‘ಎಷ್ಟು ಜಿಬಿ ರ‍್ಯಾಮ್’ ಎಂಬ ಪ್ರಶ್ನೆಗೆ ಅರ್ಧ ಗಂಟೆ ಹೋಗುತ್ತದೆ, ಬರೆದಿಟ್ಟುಕೊಳ್ಳಿ. ಶಿಕ್ಷಕರ ಬಿಡುವಿನ ಪ್ರಶ್ನೆಗೆ ಹತ್ತು ನಿಮಿಷವನ್ನಾದರೂ ನೀವು ಕಿತ್ತುಕೊಳ್ಳಬೇಕು.

‘ಈಗ ಎಐ ಬಂದಿದೆಯಲ್ಲ, ಮಗು ಬರೆಯುವುದೇ ಇಲ್ಲ, ಯಂತ್ರವೇ ಬರೆದುಕೊಡುತ್ತದೆ’ ಎಂದು ಸಭೆಯಲ್ಲಿ ಯಾರಾದರೂ ಖಂಡಿತ ಎದ್ದು ನಿಲ್ಲುತ್ತಾರೆ. ನ್ಯಾಯವಾದ ಆತಂಕ. ಆದರೆ ಅದೂ ನನ್ನ ಷರತ್ತಿನ ಕಡೆಗೇ ಬೊಟ್ಟು ಮಾಡುತ್ತದೆ. ಕೊನೆಯ ಪ್ರತಿಯನ್ನಷ್ಟೇ ಕೇಳುವ ಶಾಲೆಗೆ ಮಗು ಬರೆದದ್ದು ಯಾವುದು, ಯಂತ್ರ ಬರೆದದ್ದು ಯಾವುದು ಅಂತ ತಿಳಿಯುವುದಿಲ್ಲ. ಕರಡುಗಳನ್ನು ನೋಡುವ ಶಾಲೆಗೆ ಬಹುಮಟ್ಟಿಗೆ ತಿಳಿಯುತ್ತದೆ. ಗೂಗಲ್ ಡಾಕ್ಸ್‌ನಂಥ ಸಾಧನದಲ್ಲಿ ಯಾವ ದಿನ ಯಾವ ಸಾಲು ಸೇರಿತು, ಯಾವುದು ಅಳಿಸಿಹೋಯಿತು ಎಂಬ ಇತಿಹಾಸ ಉಳಿದಿರುತ್ತದೆ. ಎರಡು ಪುಟ ಒಂದೇ ನಿಮಿಷದಲ್ಲಿ ಬಂದು ಕೂತಿದ್ದರೆ ಮಗುವನ್ನು ಪಕ್ಕಕ್ಕೆ ಕರೆದು ಮಾತಾಡಬಹುದು. ಮೊದಲ ಕರಡನ್ನು ತರಗತಿಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು.

ಗೇಮ್, ವಿಡಿಯೋ ವಿಷಯ. ನಿಮ್ಮ ಭಯ ಸುಳ್ಳಲ್ಲ, ಆದರೆ ಅಪಾಯ ನೀವು ಅಂದುಕೊಂಡ ಜಾಗದಲ್ಲೇ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಕಂಪ್ಯೂಟರ್ ಇಲ್ಲದ 1,123 ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಂದಿಗೆ ಉಚಿತವಾಗಿ ಕೊಟ್ಟು ನೋಡಿದರು. 2013ರಲ್ಲಿ ಬಂದ ವರದಿಯ ಪ್ರಕಾರ ಅಂಕ ಏರಲೂ ಇಲ್ಲ, ಇಳಿಯಲೂ ಇಲ್ಲ. ಮಕ್ಕಳು ಆಟ ಆಡಿದರು, ಹೌದು. ಆದರೆ ಕೆಟ್ಟುಹೋಗಲಿಲ್ಲ. ಹೆಚ್ಚು ಯೋಚಿಸಬೇಕಾದದ್ದು ತರಗತಿಯ ಬಗ್ಗೆ. ಅದೇ ವರ್ಷ ಕೆನಡಾದ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೇನೋ ಮಾಡುತ್ತಿದ್ದವರು ಪರೀಕ್ಷೆಯಲ್ಲಿ ಸುಮಾರು 11 ಶೇಕಡಾ ಹಿಂದೆ ಬಿದ್ದರು. ತಮ್ಮ ಪಾಡಿಗೆ ಪಾಠ ಕೇಳುತ್ತಾ, ಅಂಥವರ ಪರದೆ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತಿದ್ದವರು ಸುಮಾರು 17 ಶೇಕಡಾ ಹಿಂದೆ! ನಿಮ್ಮ ಮಗಳು ಎಷ್ಟೇ ಶಿಸ್ತಿನವಳಾದರೂ ಮುಂದಿನ ಬೆಂಚಿನ ಪರದೆ ಅವಳ ಕಣ್ಣೆದುರು ಇರುತ್ತದೆ, ಅಲ್ವಾ?

ಹಾಗಾಗಿ ಪಾಠ ಕೇಳುವಾಗ ಲ್ಯಾಪ್‌ಟಾಪ್ ಮುಚ್ಚಿರಲಿ. ಅರ್ಧ ಮುಚ್ಚುವುದಲ್ಲ, ಪೂರ್ತಿ. ಬರೆಯುವಾಗ, ಲೆಕ್ಕದ ಗ್ರಾಫ್ ಎಳೆಯುವಾಗ, ವಿಜ್ಞಾನದ ಸಿಮ್ಯುಲೇಶನ್ ನೋಡುವಾಗ ತೆರೆಯಲಿ. ಟಿಪ್ಪಣಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಯಾವ ನಷ್ಟವೂ ಇಲ್ಲ. ದಿನವಿಡೀ ಪರದೆ ತೆರೆದಿಡುವ ತರಗತಿಯೇ ಆಧುನಿಕ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಫೋನ್ ಸಾಲದೇ ಎಂದು ಕೇಳಿದ್ದೀರಿ. ವಿಡಿಯೋ ಪಾಠ ನೋಡಲು, ಪದದ ಅರ್ಥ ಹುಡುಕಲು ಸಾಕು. ಎರಡು ಪುಟ ಬರೆದು ತಿದ್ದಲು ಸಾಲದು. ಕೀಬೋರ್ಡ್ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಬರೆದದ್ದರ ಆಚೀಚೆ ಒಟ್ಟಿಗೆ ಕಾಣುವುದಿಲ್ಲ. ವಾರಕ್ಕೊಮ್ಮೆಯ ಕಂಪ್ಯೂಟರ್ ಲ್ಯಾಬಿನದೂ ಬೇರೆ ರೀತಿಯ ಇದೇ ತೊಂದರೆ. ಸೋಮವಾರ ಬರೆದದ್ದನ್ನು ತಿದ್ದಲು ಮುಂದಿನ ಸೋಮವಾರದವರೆಗೆ ಕಾಯಬೇಕು, ಅಷ್ಟರಲ್ಲಿ ಬರೆದವಳಿಗೇ ಅದು ಮರೆತಿರುತ್ತದೆ. ಸ್ವಂತ ಯಂತ್ರದ ಪರವಾಗಿ ನನಗೆ ಕಾಣುವ ಅತಿ ಗಟ್ಟಿ ವಾದ ಇದು. ಹಣ ಸಾಲದಿದ್ದರೆ ಎಲ್ಲ ತರಗತಿಗೂ ಅರೆಬರೆ ಹಂಚುವ ಬದಲು ಒಂದೇ ತರಗತಿಗೆ ಪೂರ್ತಿ ಕೊಡಲಿ.

ಇನ್ನು ಬ್ಯಾಟರಿ. ಯಾರೂ ಕೇಳದ, ಎಲ್ಲರನ್ನೂ ಕಾಡುವ ವಿಷಯ. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ತನ್ನ ಶಕ್ತಿಯ ಐದನೇ ಒಂದು ಪಾಲು ಕಳೆದುಕೊಳ್ಳುತ್ತದೆ. ಶಾಲೆಯ ದಿನಗಳು ವರ್ಷಕ್ಕೆ ಇನ್ನೂರರ ಆಸುಪಾಸು. ಲೆಕ್ಕ ಹಾಕಿ, ಮೂರನೇ ವರ್ಷಕ್ಕೆ ಮಧ್ಯಾಹ್ನದ ಹೊತ್ತಿಗೇ ಅರ್ಧ ತರಗತಿ ಪ್ಲಗ್ ಹುಡುಕುತ್ತಿರುತ್ತದೆ. ಬ್ಯಾಟರಿ ಬದಲಿಸಲು ಹಣ ಈಗಲೇ ತೆಗೆದಿಟ್ಟಿದ್ದಾರಾ? ಒಂದು ಲ್ಯಾಪ್‌ಟಾಪ್ ರಿಪೇರಿಗೆ ಹೋದರೆ ಅವತ್ತೇ ಕೊಡಲು ಬದಲಿ ಯಂತ್ರ ಇದೆಯಾ? ಇಲ್ಲದಿದ್ದರೆ ಲ್ಯಾಪ್‌ಟಾಪಿನ ಕೀಲು ಮುರಿದುಕೊಂಡ ಮಗು ಮೂರು ವಾರ ಪಕ್ಕದವನ ಪರದೆ ನೋಡುತ್ತಾ ಕೂರಬೇಕು.

ನೀವು ಕೇಳದ ಇನ್ನೊಂದನ್ನೂ ಹೇಳಬೇಕು. ಲ್ಯಾಪ್‌ಟಾಪಿನ ಕ್ಯಾಮೆರಾ, ಫೈಲು, ಬ್ರೌಸರ್ ಇವುಗಳಲ್ಲಿ ಶಾಲೆ ಏನೇನು ನೋಡಬಲ್ಲದು? 2010ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಶಾಲಾ ಜಿಲ್ಲೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಇದೇ ವಿಷಯಕ್ಕೆ ಕೋರ್ಟು ಕಂಡಿತು. ಕಳೆದುಹೋದ ಲ್ಯಾಪ್‌ಟಾಪ್ ಹುಡುಕಲು ಅಂತ ಹಾಕಿದ್ದ ಸಾಫ್ಟ್‌ವೇರ್ ಮಕ್ಕಳ ಮನೆಯೊಳಗಿನ ಚಿತ್ರಗಳನ್ನು ತೆಗೆದಿತ್ತು. 6,10,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ದುರುದ್ದೇಶ ಇರಲೇಬೇಕೆಂದಿಲ್ಲ, ಯಾರೂ ಮೊದಲೇ ಕೇಳದಿದ್ದರೆ ಇಂಥದ್ದು ನಡೆಯುತ್ತದೆ. ಶಾಲೆ ಯಾವುದನ್ನು ನೋಡುತ್ತದೆ, ಯಾವಾಗ, ಯಾರು ನೋಡುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಆ ಹಾಳೆಯನ್ನು ಮಕ್ಕಳಿಗೂ ಓದಿ ಹೇಳಲಿ. ಅದು ಅವರ ವಿಷಯ ತಾನೇ.

ಕೊನೆಯ ಪ್ರಶ್ನೆ, ಯಂತ್ರ ಯಾರದ್ದು ಎಂಬುದು. ಇದಕ್ಕೆ ಎರಡು ಪದ್ಧತಿ ಇವೆ. ಶಾಲೆಯದೇ ಆಗಿ ಉಳಿದರೆ ರಿಪೇರಿ, ಬದಲಿ, ಜವಾಬ್ದಾರಿ ಎಲ್ಲ ಅದರದ್ದು, ಓದು ಮುಗಿದ ದಿನ ವಾಪಸ್ ಕೊಡಬೇಕು. ಮಗುವಿನದಾದರೆ ಕೆಟ್ಟರೆ ಪೋಷಕರೇ ನೋಡಿಕೊಳ್ಳಬೇಕು, ಆದರೆ ಶಾಲೆ ಬಿಟ್ಟ ಮೇಲೂ ಕೈಯಲ್ಲಿರುತ್ತದೆ. ಪೋಷಕರು ಒಂದು ಪಾಲು ಹಣ ಹಾಕುತ್ತಿರುವಾಗ ಮೂರು ವರ್ಷದ ನಂತರ ಅದು ಮಗುವಿನದಾಗಲಿ, ಅಲ್ಲಿಯವರೆಗೆ ಶಾಲೆಯದಾಗಿರಲಿ ಎನ್ನುವುದು ನನಗೆ ಸರಿ ಕಾಣುತ್ತದೆ. ಪಾಲು ಹಾಕಲು ಆಗದ ಮನೆಯ ಮಗುವಿಗೂ ಅದೇ ಮಾದರಿ, ಅದೇ ಬಣ್ಣದ ಯಂತ್ರ ಸಿಗಬೇಕು. ಯಾರು ಹಣ ಕೊಟ್ಟರು, ಯಾರು ಕೊಡಲಿಲ್ಲ ಎಂಬ ಪಟ್ಟಿ ತರಗತಿಯೊಳಗೆ ಬರಬಾರದು. ಸಭೆಯಲ್ಲಿ ಇದನ್ನು ಮತಕ್ಕೆ ಹಾಕಿಸಿ, ನಡಾವಳಿಯಲ್ಲಿ ಬರೆಸಿ.